ಫಿಯೆಟ್ಟಿಗೆ ಯಾವ ಎಣ್ಣೆ?

ನಮ್ಮ ಮನೆಯಲ್ಲಿ ಎಣ್ಣೆಯ ಲೆಕ್ಕ ಎರಡು. ಒಂದು ಅಡುಗೆಮನೆಯದು. ಧಾರವಾಡದ ಕಡೆಯಿಂದ ಯಾರಾದರೂ ಪುಣೆಗೆ ಬರುವವರಿದ್ದರೆ ನನ್ನ ಹೆಂಡತಿ ಮೊದಲು ಕೇಳುವುದು ಗಾಣದ ಕುಸುಬಿ ಎಣ್ಣೆ ಎಷ್ಟು ತರಲಾದೀತು ಎಂದು. ಅವರ ಮನೆಯವರೆಲ್ಲ ಆರಾಮಿದ್ದಾರೆಯೇ ಎಂಬ ವಿಚಾರಣೆ ಆಮೇಲಿನದು. ಇನ್ನೊಂದು ಲೆಕ್ಕ ಕೆಳಗೆ ಪಾರ್ಕಿಂಗಿನಲ್ಲಿ ನಿಂತಿರುವ ಫಿಯೆಟ್ಟಿನದು. "ನಿಮ್ಮ ಗಾಡಿ ಕುಡಿಯೋ ಎಣ್ಣಿ ರೊಕ್ಕದಾಗ ನಾ ಎರಡು ತಿಂಗಳು ಭಜಿ ಕರೀತಿದ್ದೆ" ಎಂಬುದು ಆಕೆಯ ಪಲ್ಲವಿ. ಬ್ಯಾಂಕಿನಲ್ಲಿ ಆಯುಷ್ಯ ಕಳೆದವನಾದ್ದರಿಂದ ನಾನೂ ತಾಳೆ ಹಾಕಿ ನೋಡಿದೆ. ಲೆಕ್ಕ ಸರಿಯಾಗಿಯೇ ಇದೆ.

ಗಾಡಿ 1972ರ ಫಿಯೆಟ್ 1100 ಡಿಲೈಟ್. 1089 ಸಿ.ಸಿ. ಎಂಜಿನ್ನು, ನಾಲ್ಕು ಸಿಲಿಂಡರು, ಸ್ಟೀರಿಂಗಿನ ಕೊರಳಿಗೆ ಸಿಕ್ಕಿಸಿದ ಗೇರು ಕಡ್ಡಿ. ಮಾವನವರ ಕಾರು. ಅವರು ಪ್ರೀತಿಯಿಂದ ಕೊಟ್ಟರು ಎಂದು ಊರಲ್ಲೆಲ್ಲ ಹೇಳಿಕೊಂಡಿದ್ದೇನೆ. ನಿಜ ಏನೆಂದರೆ ಹುಬ್ಬಳ್ಳಿಯ ಮನೆ ಮಾರುವಾಗ ಅವರಿಗೆ ಅದನ್ನು ನಿಲ್ಲಿಸಲು ಜಾಗ ಇರಲಿಲ್ಲ, ನನಗೆ ಬೇಡ ಎನ್ನುವ ಧೈರ್ಯ ಇರಲಿಲ್ಲ. ನಂಬರು ಪ್ಲೇಟು ಇವತ್ತಿಗೂ 'ಎಂವೈ' ಎಂದೇ ಶುರುವಾಗುತ್ತದೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದ ಸುದ್ದಿಯನ್ನು ಈ ಕಾರಿಗೆ ಯಾರೂ ಹೇಳಿದಂತಿಲ್ಲ. ಪುಣೆಯ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಿಡಿದು, ಇದು ಯಾವ ದೇಶದ ನಂಬರು ಎಂದು ಕೇಳುತ್ತಾರೆ. ಮೈಸೂರು ಎನ್ನುತ್ತೇನೆ. ಅಲ್ಲಿಂದ ಮಾತು ದಸರಾಕ್ಕೆ, ಮೈಸೂರುಪಾಕಿಗೆ ಹೊರಳುತ್ತದೆ. ಕಾಗದಪತ್ರದ ವಿಚಾರ ಹಿಂದೆ ಬೀಳುತ್ತದೆ.

ಇದು ವಿಂಟೇಜ್ ಹೌದೋ ಅಲ್ಲವೋ ಎಂಬುದು ಬೇರೆ ಜಗಳ. ಹಳೆ ಕಾರಿನ ಶ್ರೋತ್ರಿಯರನ್ನು ಕೇಳಿದರೆ 1919ರಿಂದ 1930ರ ನಡುವಿನದಕ್ಕೆ ಮಾತ್ರ ಆ ಪಟ್ಟ; ನನ್ನದು ಬರೀ ಹಳತು. ಆದರೆ ಕೇಂದ್ರ ಸರ್ಕಾರ ದೊಡ್ಡ ಮನಸ್ಸು ಮಾಡಿ 2021ರ ಜುಲೈಯಲ್ಲಿ ನಿಯಮ ತಂದಿತು: 50 ವರ್ಷ ದಾಟಿದ, ಬಾಡಿಗೆಗೆ ಓಡಿಸದ, ಚಾಸಿ ಬಾಡಿ ಎಂಜಿನ್ನುಗಳಲ್ಲಿ ಭಾರೀ ಬದಲಾವಣೆ ಮಾಡದ ಗಾಡಿಯೆಲ್ಲ ವಿಂಟೇಜೇ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮೇಲೆ ನವೀಕರಣಕ್ಕೆ 5,000. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು. ಒಂದೇ ತೊಡಕು: ಹಾಗೆ ವಿಂಟೇಜ್ ಅನ್ನಿಸಿಕೊಂಡ ಗಾಡಿ ರಸ್ತೆಗೆ ಇಳಿಯಬೇಕಾದರೆ ಪ್ರದರ್ಶನವೋ ರ್‍ಯಾಲಿಯೋ ತಾಂತ್ರಿಕ ಸಂಶೋಧನೆಯೋ ಇರಬೇಕು, ಇಲ್ಲವೇ ಪೆಟ್ರೋಲು ಹಾಕಿಸುವುದು, ರಿಪೇರಿ ಮಾಡಿಸುವುದು ಇರಬೇಕು. ತರಕಾರಿ ತರಲು ಹೋಗುವಂತಿಲ್ಲ. ಹೀಗಾಗಿ ಎಣ್ಣೆ ಬದಲಿಸುವುದೆಂದರೆ ನನ್ನ ಪಾಲಿಗೆ ಕಾನೂನುಸಮ್ಮತ ವಿಹಾರ. ಕೋಥರೂಡಿನ ಮನೆಯಿಂದ ಎಣ್ಣೆಯ ಅಂಗಡಿಯಿರುವ ನಾನಾ ಪೇಠೆಗೆ ಹೋಗುವಾಗ ದಾರಿಯಲ್ಲಿ ತರಕಾರಿ ಮಾರುಕಟ್ಟೆ ಮಂಡಈ ಸಿಗುತ್ತದೆ ಎಂಬುದು, ಅಲ್ಲಿ ಬದನೆಕಾಯಿ ಎಳೆಯವು ಇರುತ್ತವೆ ಎಂಬುದು, ಶುದ್ಧ ಕಾಕತಾಳೀಯ.

ಈ ಕಾರಿನ ಕುಲಗೋತ್ರ ವಿಚಾರಿಸಿದವರಿಗೆ ನಾನು ವಿಶ್ವೇಶ್ವರಯ್ಯನವರಿಂದ ಶುರು ಮಾಡುತ್ತೇನೆ. ಕೇಳುವವರು ಗಡಿಯಾರ ನೋಡಿಕೊಳ್ಳುತ್ತಾರೆ, ನಾನು ಬಿಡುವುದಿಲ್ಲ. ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ. ಅವರು ರೂಪಿಸಿದ ಅಣೆಕಟ್ಟಿನ ಸ್ವಯಂಚಾಲಿತ ಬಾಗಿಲುಗಳು ಮೊದಲು ಕೂತದ್ದು 1903ರಲ್ಲಿ, ಇಲ್ಲೇ ಖಡಕ್‌ವಾಸ್ಲಾದಲ್ಲಿ. ಇಳಿವಯಸ್ಸಿನಲ್ಲಿ, ಎಂದರೆ ಎಪ್ಪತ್ತು ದಾಟಿದ ಮೇಲೆ, ಅವರಿಗೆ ಹತ್ತಿದ ಹುಚ್ಚು ದೇಶದಲ್ಲೇ ಮೋಟಾರು ತಯಾರಾಗಬೇಕು ಎಂಬುದು. 1935ರಲ್ಲಿ ಯೂರೋಪು ಅಮೆರಿಕಗಳ ಕಾರ್ಖಾನೆ ಸುತ್ತಿ ಬಂದು ಯೋಜನೆ ಬರೆದರು. ಸೊಲ್ಲಾಪುರದ ವಾಲ್‌ಚಂದ್ ಹೀರಾಚಂದ್ ಅದರ ಬೆನ್ನು ಹತ್ತಿದರು. ಮೈಸೂರು ಸಂಸ್ಥಾನ ಜಾಗ ಕೊಡಲು ಮುಂದಾಯಿತು, ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. ವಾಲ್‌ಚಂದರು ಅಷ್ಟರಲ್ಲಿ, 1940ರಲ್ಲಿ, ಮೈಸೂರಿನ ಪಾಲುಗಾರಿಕೆಯಲ್ಲಿ ಬೆಂಗಳೂರಿಗೆ ವಿಮಾನ ಕಾರ್ಖಾನೆಯನ್ನೇ ತಂದುಬಿಟ್ಟರು, ಅದೇ ಇವತ್ತಿನ ಎಚ್‌ಎಎಲ್. ಕಾರಿನ ಕಂಪನಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿದ್ದು 1944ರಲ್ಲಿ. ಐವತ್ತರ ದಶಕದಲ್ಲಿ ಅದು ಮುಂಬಯಿಯ ಕುರ್ಲಾದಲ್ಲಿ ಫಿಯೆಟ್ ಕಟ್ಟತೊಡಗಿತು. ಈಗ ನಾನು ಬೆಳಗ್ಗೆ ಬಕೆಟ್ಟು ಹಿಡಿದು ಕಾರು ತೊಳೆಯುವ ನೀರು ಖಡಕ್‌ವಾಸ್ಲಾದ್ದು. ವಿಶ್ವೇಶ್ವರಯ್ಯನವರ ಎರಡು ಯೋಜನೆಗಳು ನಮ್ಮ ಪಾರ್ಕಿಂಗಿನಲ್ಲಿ ಸಂಗಮವಾಗುತ್ತವೆ ಎಂದು ಒಮ್ಮೆ ನಮ್ಮ ಹೌಸಿಂಗ್ ಸೊಸೈಟಿಯ ಮೀಟಿಂಗಿನಲ್ಲಿ ಹೇಳಿದೆ. ನೀರು ಪೋಲು ಮಾಡುವವರ ಮೇಲೆ ದಂಡ ಹಾಕುವ ವಿಷಯ ಅಂದಿನ ಅಜೆಂಡಾದಲ್ಲಿತ್ತಂತೆ.

ಸೊಸೈಟಿಗೂ ನನಗೂ ಅದಕ್ಕಿಂತ ದೊಡ್ಡ ತಕರಾರು ಬಂದದ್ದು ಎಣ್ಣೆಯಿಂದ. ನನ್ನ ಖಾಯಂ ಮೇಸ್ತ್ರಿ ಅಳಿಯನ ಮನೆಯ ಮದುವೆಗೆಂದು ಊರಿಗೆ ಹೋಗಿದ್ದಾಗ ಗಾಡಿಯನ್ನು ಬೇರೊಂದು ಗ್ಯಾರೇಜಿಗೆ ಬಿಟ್ಟೆ. ಅಲ್ಲಿದ್ದವನು ಚುರುಕು ಹುಡುಗ, ಹೊಸ ಕಾರುಗಳಲ್ಲಿ ಪಳಗಿದವನು. ಅಜ್ಜನ ಕಾಲದ ಗಾಡಿಗೆ ಅತ್ಯುತ್ತಮವಾದದ್ದೇ ಹೋಗಲಿ ಎಂದು ಅಕ್ಕರೆಯಿಂದ ಅಂಗಡಿಯಲ್ಲಿದ್ದ ಅತಿ ದುಬಾರಿ ಡಬ್ಬಿ ಒಡೆದ: 0ಡಬ್ಲ್ಯೂ-20, ಪೂರ್ತಿ ಸಿಂಥೆಟಿಕ್. ಬಿಲ್ಲು ನೋಡಿ ನಾನು ಬೆವೆತೆ; ಗಾಡಿ ಮಾತ್ರ ಬೆವರಲು ಎರಡು ದಿನ ತೆಗೆದುಕೊಂಡಿತು. ಹಳೆ ಎಂಜಿನ್ನಿನ ಕೀಲುಗಳಲ್ಲಿ ಕಾರ್ಕಿನ ಗ್ಯಾಸ್ಕೆಟ್ಟು, ಒಣಗಿದ ಸೀಲು. ದಪ್ಪ ಎಣ್ಣೆ ಅಲ್ಲಿ ತಡೆದು ನಿಲ್ಲುತ್ತಿತ್ತು. ಜತೆಗೆ ದಶಕಗಳಿಂದ ಕೂತ ಕಿಟ್ಟವೇ ಸಂದುಗಳನ್ನು ಮುಚ್ಚಿರುತ್ತದೆ. ಹೊಸ ಎಣ್ಣೆಯಲ್ಲಿರುವ ಡಿಟರ್ಜೆಂಟು ಆ ಕಿಟ್ಟವನ್ನು ತೊಳೆಯುತ್ತ ಹೋಗುತ್ತದೆ, ತೆಳ್ಳಗಿನ ಎಣ್ಣೆ ತೆರೆದ ದಾರಿಯಲ್ಲಿ ಹೊರಬೀಳುತ್ತದೆ. ಮೂರನೆಯ ಬೆಳಗ್ಗೆ ಕಾರಿನಡಿ ಒಂದು ತಟ್ಟೆಯಗಲ ಕಲೆ, ಲಿಫ್ಟಿನ ಪಕ್ಕ ಒಂದು ನೋಟೀಸು. ಪುಣೆಯ ನೋಟೀಸುಗಳ ಖ್ಯಾತಿ ನಿಮಗೆ ಗೊತ್ತಿರಬಹುದು. ನೆಲ ಸಾರಿಸುವುದು ಪುಣ್ಯದ ಕೆಲಸ, ಆದರೆ ಅದಕ್ಕೆ ಸೆಗಣಿ ಬಳಸತಕ್ಕದ್ದು, ಎಂಜಿನ್ ಆಯಿಲ್ ಅಲ್ಲ ಎಂದು ಅದರಲ್ಲಿ ಮುತ್ತಿನಂಥ ಮರಾಠಿಯಲ್ಲಿ ಬರೆದಿತ್ತು. ಹೆಸರಿರಲಿಲ್ಲ. ಕಟ್ಟಡದಲ್ಲಿ ಲೀಕಾಗುವ ಕಾರು ಒಂದೇ.

ಸಲಹೆ ಕೇಳಲು ಪುಣೆಯಷ್ಟು ಅನುಕೂಲದ ಊರು ಇನ್ನೊಂದಿಲ್ಲ. ನಾವು ಬೆಳಗಿನ ವಾಕಿಂಗಿಗೆ ಹೋಗುವುದು ವೇತಾಳ ಟೇಕಡಿ ಎಂಬ ಗುಡ್ಡಕ್ಕೆ. ಅದರ ಒಂದು ಮಗ್ಗುಲಲ್ಲಿ 1966ರಲ್ಲಿ ಸ್ಥಾಪನೆಯಾದ ಎಆರ್‌ಎಐ, ದೇಶದ ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ. ಒಳಗೆ ನಡೆಯುವ ಸಂಶೋಧನೆಗಿಂತ ಹೊರಗೆ ಕಲ್ಲುಬೆಂಚಿನ ಮೇಲೆ ನಡೆಯುವುದು ಹೆಚ್ಚು. ಲಾರಿ ತಯಾರಿಸುವ ಟೆಲ್ಕೋದಿಂದ ನಿವೃತ್ತರಾದ ಗೆಳೆಯರೊಬ್ಬರು ಲಾರಿಗೆ ಹಾಕುವ 15ಡಬ್ಲ್ಯೂ-40 ಡೀಸೆಲ್ ಎಂಜಿನ್ ಎಣ್ಣೆಯನ್ನೇ ಹಾಕಿ, ಲಾರಿಗೆ ಒಗ್ಗಿದ್ದು ನಿಮಗೆ ಒಗ್ಗುವುದಿಲ್ಲವೇ ಎಂದರು. ಖಡಕಿಯ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸಿನಲ್ಲಿದ್ದ ಬೆಳಗಾವಿಯವರು, ಈ ಡಬ್ಲ್ಯೂಗಿಬ್ಲ್ಯೂ ಎಲ್ಲ ಈಚಿನ ಸೋಗು, ಬರೀ 40 ನಂಬರು ಹಾಕಿ ಎಂದರು. ಆಕುರ್ಡಿಯ ಸ್ಕೂಟರ್ ಕಾರ್ಖಾನೆಯಲ್ಲಿದ್ದವರು ಏನೂ ಹೇಳದೆ ನಕ್ಕರು. ಅವರ ಚೇತಕ್ ಹುಟ್ಟಿದ್ದೂ 1972ರಲ್ಲೇ, ನನ್ನ ಫಿಯೆಟ್ಟಿನ ಓರಗೆಯದು. ಆದರೆ ಟೂ ಸ್ಟ್ರೋಕ್. ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿ ಸುಡುವುದು. ಬದಲಿಸುವ ಮಾತೇ ಇಲ್ಲ. ಬೆಳಗ್ಗೆ ಒಂದು ಮಗ್ಗುಲಿಗೆ ವಾಲಿಸಿ ಒದ್ದರೆ ಮುಗಿಯಿತು. ಈಗಿನ ಚೇತಕ್ ಕರೆಂಟಿನದು, ಅದಕ್ಕೆ ಎಂಜಿನ್ನೇ ಇಲ್ಲ. ನಗುವ ಹಕ್ಕು ಅವರಿಗೆ ಎರಡು ಸಲ ಇದೆ.

ಈ ಅಂಕಿಗಳ ಗುಟ್ಟು ನನಗೆ ಬಿಡಿಸಿದ್ದು ಟೇಕಡಿಯ ಎಂಜಿನಿಯರರಲ್ಲ, ಬೇಸನ್ ಉಂಡಿ ಕಟ್ಟುತ್ತ ಕೂತಿದ್ದ ಹೆಂಡತಿ. ಒಂದೆಳೆ ಪಾಕ ಒಲೆಯ ಮೇಲಿದ್ದಾಗ ನೀರು ನೀರು, ಕೆಳಗಿಳಿಸಿದರೆ ಸೌಟಿಗೆ ಅಂಟುತ್ತದೆ. ಎಣ್ಣೆಯೂ ಅಷ್ಟೇ: ತಣ್ಣಗಿದ್ದಾಗ ಗಟ್ಟಿ, ಕಾದಾಗ ತೆಳು. ಡಬ್ಲ್ಯೂ ಹಿಂದಿನ ಅಂಕಿ ಚಳಿಯ ನಡತೆಗೆ. ಮುಂದಿನದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾದಾಗ ಎಷ್ಟು ದಪ್ಪ ಉಳಿಯುತ್ತದೆ ಎಂಬುದಕ್ಕೆ. 0ಡಬ್ಲ್ಯೂ ಎಣ್ಣೆಯನ್ನು ಪರೀಕ್ಷಿಸುವುದು ಸೊನ್ನೆಗಿಂತ 35 ಡಿಗ್ರಿ ಕೆಳಗೆ, 20ಡಬ್ಲ್ಯೂವನ್ನು 15 ಡಿಗ್ರಿ ಕೆಳಗೆ. ಪುಣೆಯ ಜನವರಿಯಲ್ಲಿ 10 ಡಿಗ್ರಿಗೆ ಇಳಿದರೆ ಇಡೀ ಊರು ಕಿವಿಗೆ ಮಫ್ಲರು ಸುತ್ತಿಕೊಳ್ಳುತ್ತದೆ. ಸೈಬೀರಿಯದ ಎಣ್ಣೆ ನಮಗೇಕೆ? ನೋಡಬೇಕಾದ್ದು ಎರಡನೆಯ ಅಂಕಿ. ಕಾದಾಗ 50ರ ಎಣ್ಣೆ 20ರದಕ್ಕಿಂತ ಸುಮಾರು ಎರಡು ಪಟ್ಟು ದಪ್ಪ. ಇಂದಿನ ಎಂಜಿನ್ನುಗಳ ಬೇರಿಂಗಿನ ಸಂದು ಬಲು ಬಿಗಿ, ಅವಕ್ಕೆ ತೆಳು ಎಣ್ಣೆ ಬೇಕು, ಪೆಟ್ರೋಲೂ ಉಳಿಯುತ್ತದೆ. ಐವತ್ತು ವರ್ಷ ತಿರುಗಿ ಸವೆದ ನನ್ನ ಫಿಯೆಟ್ಟಿನ ಸಂದುಗಳಲ್ಲಿ ತೆಳು ಎಣ್ಣೆ ನಿಲ್ಲುವುದೇ ಇಲ್ಲ. ಹಾಗಂತ ಇನ್ನೂ ದಪ್ಪದ್ದು ಹಾಕಿದರೆ ಬೆಳಗ್ಗೆ ಸ್ಟಾರ್ಟು ಮಾಡಿದಾಗ ಅದು ಮೇಲಿನ ರಾಕರುಗಳವರೆಗೆ ಹತ್ತಲು ತಡಮಾಡುತ್ತದೆ. ಅಷ್ಟು ಹೊತ್ತು ಎಂಜಿನ್ನು ಟಕಟಕ ಎಂದು ಬಯ್ಯುತ್ತದೆ.

ತೆಳು ಎಣ್ಣೆ ಏನು ಮಾಡುತ್ತದೆ ಎಂಬುದನ್ನು ಖಂಬಾಟಕಿ ಘಾಟು ಇನ್ನಷ್ಟು ಸ್ಪಷ್ಟವಾಗಿ ತಿಳಿಸಿತು. ಕೊಲ್ಲಾಪುರದಲ್ಲಿ ಹಳೆ ಗಾಡಿಗಳ ಒಂದು ಪ್ರದರ್ಶನಕ್ಕೆ ಹೊರಟಿದ್ದೆ, ನಿಯಮದ ಪ್ರಕಾರವೇ. ಸಾತಾರಾ ಕಡೆಯಿಂದ ಪುಣೆಗೆ ಬರುವವರಿಗೆ ಅಲ್ಲಿ ಸುರಂಗ ಇದೆ. ಪುಣೆಯಿಂದ ಹೋಗುವವರು ಆಗ ತಿರುವು ಏರಲೇಬೇಕಿತ್ತು. ಮೇಲೆ ಹತ್ತಿ ಗಾಡಿ ನಿಲ್ಲಿಸಿ ಎಂಜಿನ್ನು ನಿಧಾನಕ್ಕೆ ಬಿಟ್ಟಾಗ ಆಯಿಲ್ ಪ್ರೆಷರಿನ ಕೆಂಪು ದೀಪ ಕಣ್ಣು ಮಿಟುಕಿಸತೊಡಗಿತು. ನನ್ನ ಹಿಂದೆ ನಿಂತ ಲಾರಿಯವನು ಇಳಿದು ಬಂದು ಬಾನೆಟ್ಟಿಗೆ ಕೈ ಇಟ್ಟು ನೋಡಿದ, ಗಾಡಿಯ ಹಣೆ ಮುಟ್ಟಿ ಜ್ವರ ನೋಡುವ ಭಂಗಿಯಲ್ಲಿ. "ತೇಲ್ ಪಾತಳ ಆಹೆ" ಎಂದ. ಎಣ್ಣೆ ತೆಳುವಾಗಿದೆ. ಎಆರ್‌ಎಐ ಬೇಡವಾಯಿತು.

ಈ ಹೆದ್ದಾರಿಯಲ್ಲಿ ಹೋಗುವಾಗ ನನಗೆ ಭೀಮಸೇನ ಜೋಶಿಯವರ ನೆನಪು ತಪ್ಪದು. ಗದುಗಿನ ಹುಡುಗ, ಗುರುವನ್ನು ಹುಡುಕಿ ಮನೆ ಬಿಟ್ಟವರು, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತು ಪುಣೆಯಲ್ಲಿ ನೆಲೆಸಿದವರು. ಗುರುವಿನ ಹೆಸರಿನಲ್ಲಿ 1953ರಿಂದ ನಡೆಯುತ್ತಿರುವ ಸಂಗೀತೋತ್ಸವ ಈಗ ಪುಣೆಯ ಡಿಸೆಂಬರಿನ ಹಬ್ಬ. ಹಾಡಿನಷ್ಟೇ ಅವರಿಗೆ ಮೋಟಾರಿನ ಹುಚ್ಚಿತ್ತು. ಕಚೇರಿಯಿಂದ ಕಚೇರಿಗೆ ನೂರಾರು ಕಿಲೋಮೀಟರು ತಾವೇ ಓಡಿಸಿಕೊಂಡು ಹೋಗುತ್ತಿದ್ದರು, ಅದೂ ಜೋರಾಗಿ. ಎಂಜಿನ್ನಿನ ಒಳಹೊರಗೂ ಬಲ್ಲವರು. ಖಂಬಾಟಕಿಯಲ್ಲಿ ನಾನು ಕೆಂಪು ದೀಪ ನೋಡುತ್ತ ಕೂತಾಗ, ಅವರಾಗಿದ್ದರೆ ಎಂಜಿನ್ನಿನ ಶ್ರುತಿ ಕೇಳಿಯೇ ಎಣ್ಣೆ ತೆಳು ಎಂದುಬಿಡುತ್ತಿದ್ದರೇನೋ ಅನ್ನಿಸಿತು. ನನ್ನ ಕಿವಿಗೆ ಯಮನ್ ಮತ್ತು ಭೂಪಾಲಿಯೇ ಇನ್ನೂ ಬೇರೆ ಆಗಿಲ್ಲ.

ಸರಿ, ನಾನಾ ಪೇಠೆ. ಪುಣೆಯಲ್ಲಿ ಗಾಡಿಯ ಬಿಡಿಭಾಗ ಬೇಕೆಂದರೆ ಅಲ್ಲಿಗೇ ಹೋಗಬೇಕು. ಫಿಯೆಟ್ಟಿನ ಭಾಗಗಳು ಮೊದಲು ಮುಂಬಯಿಯ ಟ್ಯಾಕ್ಸಿಗಳ ದೆಸೆಯಿಂದ ಧಾರಾಳವಾಗಿ ಸಿಗುತ್ತಿದ್ದವು. 2023ರ ಅಕ್ಟೋಬರ್ ಕೊನೆಗೆ ಅಲ್ಲಿ ಇದೇ ಫಿಯೆಟ್ಟಿನ ವಂಶದ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿಯಿತು. ಬಿಡಿಭಾಗದ ಮಾತು ಹಾಗಿರಲಿ, ನಾನಾ ಪೇಠೆಯ ಎಣ್ಣೆ ಅಂಗಡಿಯ ಅಜ್ಜ ಮಧ್ಯಾಹ್ನ ಒಂದು ಗಂಟೆಗೆ ಷಟರು ಎಳೆಯುವವನು. ಹನ್ನೆರಡು ಐವತ್ತಕ್ಕೆ ಹೋದರೆ ಹತ್ತು ನಿಮಿಷದ ಜ್ಞಾನ ಮಾತ್ರ ಸಿಗುತ್ತದೆ, ಆದ್ದರಿಂದ ಬೇಗ ಹೋದೆ. ಡಬ್ಬಿಯ ಮೇಲೆ ಅಂಕಿಯ ಜತೆ ಅಕ್ಷರವೂ ಇರುತ್ತದೆ: ಎಸ್‌ಇ, ಎಸ್‌ಎಫ್, ಎಸ್‌ಎಲ್, ಎಸ್‌ಎನ್. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಕೊಡುವ ತರಗತಿ ಅದು. ನನ್ನ ಕಾರಿನ ಕಾಲಕ್ಕೆ ಎಸ್‌ಇ ಇತ್ತು, 2020ಕ್ಕೆ ಎಸ್‌ಪಿಗೆ ಬಂದಿತ್ತು. ಅಕ್ಷರ ಮುಂದೆ ಹೋದಷ್ಟೂ ಒಳ್ಳೆಯದು ಎಂದು ನಾನು ತಿಳಿದಿದ್ದೆ, ಪ್ರಮೋಷನ್ನಿನ ಅಭ್ಯಾಸ. ಅಜ್ಜ ತಲೆ ಅಲ್ಲಾಡಿಸಿ "ಝಿಂಕ್" ಎಂದ.

ಝಿಂಕಿನ ಕಥೆ ಹೀಗೆ. ಹಳೆ ಎಂಜಿನ್ನಿನಲ್ಲಿ ಕ್ಯಾಮ್ ಶಾಫ್ಟಿನ ಉಬ್ಬು ಚಪ್ಪಟೆ ಟ್ಯಾಪೆಟ್ಟಿನ ಮೇಲೆ ಉಜ್ಜಿಕೊಂಡೇ ತಿರುಗುತ್ತದೆ. ಉರುಳೆ ಇಲ್ಲ, ಏನಿಲ್ಲ. ಲೋಹಕ್ಕೆ ಲೋಹ ತಿನ್ನಬಾರದೆಂದು ಸತು ಮತ್ತು ರಂಜಕ ಸೇರಿದ ಒಂದು ರಾಸಾಯನಿಕವನ್ನು, ಝಡ್‌ಡಿಡಿಪಿ ಎಂಬುದನ್ನು, 1940ರ ದಶಕದಿಂದ ಎಣ್ಣೆಗೆ ಬೆರೆಸುತ್ತ ಬಂದರು. ಉಜ್ಜುವ ಕಡೆ ಅದು ತೆಳ್ಳನೆಯ ಪದರವಾಗಿ ಕೂರುತ್ತದೆ. ಮುಂದೆ ಕಾರುಗಳಿಗೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರು ಬಂತು, ರಂಜಕ ಅದನ್ನು ಕೆಡಿಸುತ್ತದೆ ಎಂದು ಗೊತ್ತಾಯಿತು. 2004ರಲ್ಲಿ ಎಸ್‌ಎಂ ತರಗತಿ ಬಂದಾಗ ರಂಜಕವನ್ನು ಶೇ. 0.08ಕ್ಕೆ ಮಿತಿಗೊಳಿಸಿದರು. ನನ್ನ ಗಾಡಿಗೆ ಕನ್ವರ್ಟರೇ ಇಲ್ಲ. ಪರರ ಮಧುಮೇಹಕ್ಕೆ ನಾನೇಕೆ ಸಪ್ಪೆ ಚಹಾ ಕುಡಿಯಬೇಕು? ಆದರೆ ಕಾನೂನಿನಲ್ಲಿ ಒಂದು ಕಿಂಡಿ ಇದೆ. ಆ ಮಿತಿ ಹೊಸ ಕಾರಿನ ತೆಳು ಎಣ್ಣೆಗಳಿಗೆ, 0ಡಬ್ಲ್ಯೂ-20ರಿಂದ 10ಡಬ್ಲ್ಯೂ-30ರವರೆಗಿನವಕ್ಕೆ. 20ಡಬ್ಲ್ಯೂ-50ಕ್ಕೆ ಅದು ಹತ್ತುವುದಿಲ್ಲ. ದಪ್ಪವೂ ಸತುವೂ ಒಂದೇ ಡಬ್ಬಿಯಲ್ಲಿ ಸಿಕ್ಕವು, ಅದೂ ಆ ಸಿಂಥೆಟಿಕ್ಕಿನ ಅರ್ಧಕ್ಕಿಂತ ಕಡಿಮೆ ಬೆಲೆಗೆ. ಟೆಲ್ಕೋ ಗೆಳೆಯರ ಲಾರಿ ಎಣ್ಣೆಯಲ್ಲೂ ಸತು ಚೆನ್ನಾಗಿಯೇ ಇರುತ್ತದೆ, ಆ ಮಟ್ಟಿಗೆ ಅವರು ಸರಿ. ಆದರೆ ಅದರಲ್ಲಿ ಮಸಿ ತೊಳೆಯುವ ಡಿಟರ್ಜೆಂಟೂ ಹೆಚ್ಚು, ನನ್ನ ಸೊಸೈಟಿಯ ನೋಟೀಸು ಬೋರ್ಡಿಗೆ ಅದು ತಡೆಯದು.

ಸತುವಿಗೂ ಮುಂಚೆ ಎಂಜಿನ್ನಿಗೆ ಏನು ಹಾಕುತ್ತಿದ್ದರು ಗೊತ್ತೇ? ಹರಳೆಣ್ಣೆ. 1909ರಲ್ಲಿ ಕ್ಯಾಸ್ಟ್ರಾಲ್ ಎಂಬ ಎಣ್ಣೆ ಮಾರುಕಟ್ಟೆಗೆ ಬಂದದ್ದೇ ಹರಳೆಣ್ಣೆಯ ಪಾಲು ಬೆರೆಸಿಕೊಂಡು. ಕಾದ ಲೋಹಕ್ಕೆ ಅದು ಕಚ್ಚಿ ಹಿಡಿಯುವಷ್ಟು ಬೇರಾವುದೂ ಹಿಡಿಯುತ್ತಿರಲಿಲ್ಲ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್ನುಗಳಿಗೂ ಅದೇ. ಸುಡದೆ ಉಳಿದ ಹರಳೆಣ್ಣೆಯ ಹೊಗೆ, ಹನಿ ಎಲ್ಲ ತೆರೆದ ಸೀಟಿನಲ್ಲಿ ಕೂತ ಪೈಲಟ್ಟಿನ ಮುಖಕ್ಕೆ. ಪರಿಣಾಮವನ್ನು ನಾನು ವಿವರಿಸಬೇಕಿಲ್ಲ, ಬೇಸಿಗೆ ರಜೆಯಲ್ಲಿ ಅಜ್ಜಿಯ ಮನೆಗೆ ಹೋದವರಿಗೆಲ್ಲ ತಿಳಿದಿದೆ. ಇನ್ನು ವಾಲ್ವೊಲಿನ್ ಶುರು ಮಾಡಿದವರು ಡಾಕ್ಟರು, ಜಾನ್ ಎಲ್ಲಿಸ್. ಕಚ್ಚಾ ತೈಲದಲ್ಲಿ ಔಷಧ ಗುಣ ಹುಡುಕುತ್ತ ಹೋಗಿ, ರೋಗಿಗೆ ಒಗ್ಗದ್ದು ಯಂತ್ರಕ್ಕೆ ಒಗ್ಗುತ್ತದೆ ಎಂದು ಕಂಡುಕೊಂಡು 1866ರಲ್ಲಿ ಕಂಪನಿ ಕಟ್ಟಿದರು. ನಮ್ಮಜ್ಜಿ ಹರಳೆಣ್ಣೆಯಲ್ಲಿ ಅದೇ ಪ್ರಯೋಗವನ್ನು ಹಿಂದುಮುಂದಾಗಿ ಮಾಡಿದರು, ಅಷ್ಟೇ.

ಈಗ ನನ್ನ ಮೇಸ್ತ್ರಿ ಮದುವೆ ಮುಗಿಸಿ ವಾಪಸು ಬಂದಿದ್ದಾನೆ. ಅವನು ಮಾಡುವ ಪರೀಕ್ಷೆ ನೋಡಲೆಂದೇ ನಾನು ಸ್ಟೂಲು ಹಾಕಿಕೊಂಡು ಕೂರುವುದು. ಎಂಜಿನ್ನು ಆರಿಸಿ ಎರಡು ಬೀಡಿಯಷ್ಟು ಹೊತ್ತು ಬಿಡುತ್ತಾನೆ, ಎಣ್ಣೆ ಕೆಳಗಿಳಿಯಲಿ ಎಂದು. ಡಿಪ್‌ಸ್ಟಿಕ್ಕು ಎಳೆದು ಹಳೆ ಬನಿಯನ್ನಿನ ಚೂರಿನಲ್ಲಿ ಒರೆಸಿ ಮತ್ತೆ ಇಳಿಸಿ ಮತ್ತೆ ಎಳೆಯುತ್ತಾನೆ. ಎರಡು ಗೆರೆಗಳ ನಡುವೆ ನಿಂತ ಎಣ್ಣೆಯನ್ನು ಬಿಸಿಲಿಗೆ ಓರೆ ಹಿಡಿದು ನೋಡುತ್ತಾನೆ. ಹೆಬ್ಬೆರಳು ತೋರುಬೆರಳ ನಡುವೆ ಒಂದು ಹನಿ ತಿಕ್ಕುತ್ತಾನೆ: ಹರಳು ಹತ್ತಿದರೆ ಬೇರಿಂಗು ಸವೆಯುತ್ತಿದೆ. ಆಮೇಲೆ ಮೂಸುತ್ತಾನೆ. ಪೆಟ್ರೋಲಿನ ವಾಸನೆ ಬಂದರೆ ಪಂಪಿನ ಡಯಾಫ್ರಂ ಹರಿದು ಪೆಟ್ರೋಲು ಎಣ್ಣೆಗೆ ಸೇರುತ್ತಿದೆ ಎಂದರ್ಥ, ಆಗ ಎಂಥ 50 ಹಾಕಿದರೂ ತೆಳುವೇ. ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ. ಬರೀ ಕಪ್ಪಾಗಿದ್ದರೆ ಹೆದರಬೇಡಿ ಎನ್ನುತ್ತಾನೆ. ಕೊಳೆಯನ್ನು ತಾನು ಹೊತ್ತುಕೊಂಡಿದೆ, ಎಂಜಿನ್ನಿನಲ್ಲಿ ಬಿಟ್ಟಿಲ್ಲ. ಕಪ್ಪಾಗದ ಎಣ್ಣೆಯ ಮೇಲೇ ಅವನಿಗೆ ಅನುಮಾನ.

ನಿಮ್ಮ ಮನೆಯಲ್ಲೂ ಇಂಥದೊಂದು ಗಾಡಿ ಇದ್ದು, ನೀವೂ ದಖ್ಖನದ ಈ ಹವೆಯಲ್ಲೇ ಇದ್ದರೆ ನನ್ನ ತೀರ್ಪು ಇಷ್ಟು: 20ಡಬ್ಲ್ಯೂ-50, ಸಾದಾ ಮಿನರಲ್, ಹೆಸರಿರುವ ಯಾವ ಕಂಪನಿಯದಾದರೂ ಸರಿ, ಗಾಡಿ ಓಡಲಿ ಬಿಡಲಿ, ಆರು ತಿಂಗಳಿಗೊಮ್ಮೆ ಬದಲಿಸುವುದು. ನಿಂತಲ್ಲೇ ನಿಂತ ಎಣ್ಣೆಗೆ ತೇವ ಸೇರಿ ಹುಳಿಯುತ್ತದೆ. ಈಚೆಗೆ ರಿಪೇರಿ ಮಾಡಿಸಿ ಹೊಸ ಬೇರಿಂಗು, ರಿಂಗು ಕೂರಿಸಿದ್ದರೆ 20ಡಬ್ಲ್ಯೂ-40 ಸಾಕು. ತೆಗೆದ ಎಣ್ಣೆಯನ್ನು ಮಾತ್ರ ದಯವಿಟ್ಟು ಗಟಾರಕ್ಕೆ ಸುರಿಯಬೇಡಿ, ಬಾಗಿಲಿನ ಮರಕ್ಕೆ ಗೆದ್ದಲು ಬಾರದಿರಲೆಂದು ಬಳಿಯಲೂ ಬೇಡಿ. ಸರ್ಕಾರದ ಪಟ್ಟಿಯಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಗಟಾರಕ್ಕೆ ಹೋದದ್ದು ಇಲ್ಲಿ ಮುಠಾ ನದಿಗೆ, ಅಲ್ಲಿಂದ ಭೀಮೆಗೆ, ಭೀಮೆಯಿಂದ ನೇರ ಕಲಬುರ್ಗಿ ಜಿಲ್ಲೆಯ ನಮ್ಮವರ ಹೊಲಕ್ಕೆ ಹೋಗುತ್ತದೆ. ಅದೇ ಡಬ್ಬಿಗೆ ವಾಪಸು ತುಂಬಿ ಮುಚ್ಚಳ ಬಿಗಿದು, ಹಳೆ ಎಣ್ಣೆ ಕೊಳ್ಳುವ ಪರವಾನಗಿ ಇರುವವರಿಗೆ ಒಪ್ಪಿಸಿ. ನಾನಾ ಪೇಠೆಯಲ್ಲಿ ವಿಚಾರಿಸಿದರೆ ತೋರಿಸುತ್ತಾರೆ, ಒಂದು ಗಂಟೆಯ ಒಳಗೆ ಹೋಗಿ.